ಕುರುಡು ಚಿತ್ತೆ ಮಳೆಯಲ್ಲೊಂದು ದಿನ



ಸಂತ ಲೂಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಭು ಯೇಸು ಮಳೆಯ ಮಾತೆತ್ತುತ್ತಾರೆ. ಪಡುವಣದಲ್ಲಿ ಮೋಡ ಕಂಡರೆ ಮಳೆ ಬರುತ್ತದೆಂದು ಹೇಳಬಲ್ಲ ಜನ, ತಮ್ಮ ಕಣ್ಣೆದುರಿನ ಕಾಲವನ್ನು ಮಾತ್ರ ಅರಿಯಲಾರದೆ ಹೋದರಲ್ಲ ಎಂದು ಅವರು ನೊಂದುಕೊಳ್ಳುತ್ತಾರೆ. ಈ ವಾಕ್ಯಗಳ ಮೇಲೆ ನಾನು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಆದರೆ ಅದು ನನಗೇ ಹೇಳಿದ ಮಾತೆಂದು ತಿಳಿದದ್ದು ಕಳೆದ ಅಕ್ಟೋಬರಿನ ಒಂದು ಸೋಮವಾರ, ಶಿಕಾರಿಪುರ ತಾಲ್ಲೂಕಿನ ಒಂದು ರಸ್ತೆಯ ಬದಿಯಲ್ಲಿ, ಕೈಯಲ್ಲಿ ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದಾಗ. ಆ ದಿನದ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಗುರುಮಠದಲ್ಲಿ ನನಗೊಬ್ಬ ಆತ್ಮೀಯ ಗೆಳೆಯನಿದ್ದ. ಇಬ್ಬರೂ ಒಂದೇ ವರ್ಷ ಸೇರಿದವರು, ತತ್ತ್ವಶಾಸ್ತ್ರದ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ಭಾನುವಾರ ಮಧ್ಯಾಹ್ನ ಸಿಗುತ್ತಿದ್ದ ಮೂರು ಗಂಟೆಯ ಬಿಡುವಿನಲ್ಲಿ ಸೈಕಲ್ ತುಳಿದು ಊರಾಚೆ ಹೋಗುವುದು ನಮ್ಮ ರೂಢಿ. "ಒಂದು ದಿನ ನಿನ್ನನ್ನು ನಮ್ಮ ಬಳ್ಳಿಗಾವಿಗೆ ಕರೆದುಕೊಂಡು ಹೋಗುತ್ತೇನೆ, ಸೈಕಲ್ ಮೇಲೆಯೇ" ಎಂದು ಅವನು ಆಗಾಗ ಹೇಳುತ್ತಿದ್ದ. ಅವನು ಆ ಸೀಮೆಯವನು.

ತತ್ತ್ವಶಾಸ್ತ್ರ ಮುಗಿದ ಮೇಲೆ ಅವನು ಗುರುಮಠ ಬಿಟ್ಟ. ತಿಂಗಳುಗಟ್ಟಲೆ ಪ್ರಾರ್ಥಿಸಿ, ಹಿರಿಯರೊಡನೆ ಮಾತಾಡಿ, ತನ್ನ ಕರೆ ಬೇರೆಯದೆಂದು ತಿಳಿದು ಹೊರಟವನು ಅವನು. ನನಗೆ ಮಾತ್ರ ಅದು ಹಿಡಿಸಲಿಲ್ಲ. ನೇಗಿಲಿಗೆ ಕೈಯಿಟ್ಟು ಹಿಂದಿರುಗಿ ನೋಡಿದವನು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಅವನು ಶಿಕ್ಷಕನಾದ. ಕೆಲವು ವರ್ಷಗಳ ಬಳಿಕ ಮದುವೆ ಗೊತ್ತಾದಾಗ ನನಗೊಂದು ಪತ್ರ ಬರೆದ. "ನೀನು ಬರಲೇಬೇಕು, ನೀನೇ ಆಶೀರ್ವಾದದ ಪ್ರಾರ್ಥನೆ ಹೇಳಬೇಕು" ಎಂದು. ನಾನಾಗ ಹೊಸದಾಗಿ ಗುರುದೀಕ್ಷೆ ಪಡೆದಿದ್ದೆ. ಮದುವೆಗೆ ಹೋಗಲಿಲ್ಲ. ಪತ್ರಕ್ಕೆ ಉತ್ತರವನ್ನೂ ಬರೆಯಲಿಲ್ಲ. ಇಪ್ಪತ್ತು ವರ್ಷ ಕಳೆಯಿತು.

ಕಳೆದ ವರ್ಷ ನಮ್ಮಿಬ್ಬರಿಗೂ ಪರಿಚಯದವರೊಬ್ಬರ ಅಂತ್ಯಸಂಸ್ಕಾರದಲ್ಲಿ ಅವನು ಎದುರಾದ. ತಲೆ ಅರ್ಧ ನರೆತಿತ್ತು, ನಗು ಮಾತ್ರ ಅದೇ. ಪತ್ರದ ಸುದ್ದಿಯನ್ನೇ ಎತ್ತದೆ, "ಸ್ವಾಮಿಗಳೇ, ಬಳ್ಳಿಗಾವಿ ಬಾಕಿ ಇದೆ. ಯಾವಾಗ ಬರ್ತೀಯ?" ಎಂದ. ನಾನು ಇಲ್ಲವೆನ್ನಲಾಗಲಿಲ್ಲ.

ಹೊರಟದ್ದು

ಭಾನುವಾರದ ಬಲಿಪೂಜೆಗಳನ್ನು ಮುಗಿಸಿ ರಾತ್ರಿ ಅವನ ಮನೆ ಸೇರಿದೆ. ಅವನು ಈಗ ಶಿಕಾರಿಪುರದ ಕಡೆ ಶಾಲೆಯೊಂದರಲ್ಲಿ ಪಾಠ ಮಾಡುತ್ತಾನೆ. ಅವನ ಹೆಂಡತಿ ನನ್ನನ್ನು "ಬನ್ನಿ ಅಣ್ಣಾ" ಎಂದು ಬರಮಾಡಿಕೊಂಡು ರೊಟ್ಟಿ, ಎಣಗಾಯಿ ಬಡಿಸಿದರು. ಅವರ ಮದುವೆಗೆ ಬಾರದ ನನಗೆ ಆ ತುತ್ತು ಸುಲಭವಾಗಿ ಇಳಿಯಲಿಲ್ಲ.

ನಾನು ಸ್ವಲ್ಪ ಅಚ್ಚುಕಟ್ಟಿನ ಮನುಷ್ಯ. ಧರ್ಮಕೇಂದ್ರದ ಕೆಲಸ ಹಾಗೆ ಮಾಡಿಬಿಡುತ್ತದೆ. ಮೊಬೈಲಿನಲ್ಲಿ ಹವಾಮಾನ ನೋಡಿದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಸ್ವಲ್ಪ ಮಳೆ ಎಂದಿತ್ತು. ಒಂದು ಚೀಟಿಯಲ್ಲಿ ವೇಳಾಪಟ್ಟಿ ಬರೆದೆ: ಆರಕ್ಕೆ ಹೊರಡುವುದು, ಎಂಟೂವರೆಗೆ ಬಳ್ಳಿಗಾವಿ, ಹನ್ನೊಂದಕ್ಕೆ ತಾಳಗುಂದ, ಮೂರಕ್ಕೆ ಹಿಂದಿರುಗಿ, ಐದರ ಬಸ್ಸಿಗೆ ನಾನು. ಗೆಳೆಯ ಚೀಟಿ ನೋಡಿ ನಕ್ಕ. "ಈಗ ನಡೀತಾ ಇರೋದು ಚಿತ್ತೆ ಮಳೆ ಮಾರಾಯ. ಕುರುಡು ಚಿತ್ತೆ ಅಂತಾರೆ ನಮ್ಮ ಕಡೆ. ಈ ಗದ್ದೆಗೆ ಸುರಿದು ಪಕ್ಕದ ಗದ್ದೆಗೆ ಹನಿ ಹಾಕದೆ ಹೋಗುತ್ತೆ. ಅದಕ್ಕೆ ನಿನ್ನ ಚೀಟಿ ಓದೋಕೆ ಬರಲ್ಲ."

ಅವನಿಗೆ ಅವನ ಹಳೆಯ ಸೈಕಲ್, ನನಗೆ ಅವನ ಮಗನ ಗೇರ್ ಸೈಕಲ್. ನಮ್ಮ ಹಿಂದಿನ ಗುರುಗಳು ಬಲಿಪೂಜೆಯ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಬಿಗಿದು ಹಳ್ಳಿಹಳ್ಳಿಗೆ ಸೈಕಲ್ ತುಳಿದ ಕಾಲವನ್ನು ನೆನೆದೆ. ಕಾರಿನಲ್ಲಿ ಓಡಾಡುವ ನನಗೆ ಮೊದಲ ಐದು ಕಿಲೋಮೀಟರಿಗೇ ಮೊಣಕಾಲು ಮಾತಾಡತೊಡಗಿತು.

ಆದರೆ ಆ ಬೆಳಗು! ಇದು ಮಲೆನಾಡೂ ಅಲ್ಲದ, ಬಯಲೂ ಅಲ್ಲದ ಅರೆಮಲೆನಾಡು. ಕೆರೆಗಳ ಮೇಲೆ ಮಂಜು ಹಾಸಿಕೊಂಡಿತ್ತು. ಗದ್ದೆಗಳಲ್ಲಿ ಭತ್ತ ತೆನೆ ಬಿಟ್ಟು ಹಾಲು ತುಂಬುತ್ತಿತ್ತು. ಅಡಿಕೆ ತೋಟದ ಆಚೆ ಕೊಯ್ಲಾದ ಮೆಕ್ಕೆಜೋಳದ ಹೊಲ. ಟಾರು ರಸ್ತೆಯ ಒಂದು ಅಂಚಿನುದ್ದಕ್ಕೂ ಜೋಳವನ್ನು ಒಣಹಾಕಿದ್ದರು. ದೂರದಿಂದ ನೋಡಿದರೆ ರಸ್ತೆಗೆ ಅರಿಶಿನದ ಸೆರಗು ಹಚ್ಚಿದಂತಿತ್ತು. ಸೈಕಲ್ ಮೇಲೆ ಹೋಗುವವನಿಗೆ ದಾರಿಯ ವಾಸನೆಯೂ ತಿಳಿಯುತ್ತದೆ, ಏರೂ ತಿಳಿಯುತ್ತದೆ, ಎದುರಿನಿಂದ ಬರುವವರ ಮುಖವೂ ಕಾಣುತ್ತದೆ.

ಕೆರೆಯ ಕೋಡಿ

ಶಿರಾಳಕೊಪ್ಪದಲ್ಲಿ ಚಹಾ ಕುಡಿದು ಬಳ್ಳಿಗಾವಿಗೆ ತಿರುಗಿದೆವು. ಊರು ಇನ್ನೇನು ಬಂತು ಎನ್ನುವಾಗ, ಬಿಸಿಲು ಇದ್ದ ಹಾಗೆಯೇ ಮಳೆ ಸುರಿಯಿತು. ಓಡಿಹೋಗಿ ಕೇದಾರೇಶ್ವರ ದೇವಾಲಯದ ಕಂಬಗಳ ಮಂಟಪದಲ್ಲಿ ನಿಂತೆವು. ನನ್ನ ವೇಳಾಪಟ್ಟಿ ಅಲ್ಲಿಗೇ ಮುಕ್ಕಾಲು ಗಂಟೆ ತಪ್ಪಿತು. ಆದರೆ ಮಳೆ ನಮ್ಮನ್ನು ಕೂರಿಸದೆ ಇದ್ದಿದ್ದರೆ ನಾವು ಫೋಟೋ ತೆಗೆದು ಮುಂದೆ ಓಡುತ್ತಿದ್ದೆವೇನೋ.

ಇಂದು ಬಳ್ಳಿಗಾವಿ ಸಣ್ಣ ಹಳ್ಳಿ. ಸಾವಿರ ವರ್ಷದ ಹಿಂದೆ ಅದು ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ, ಬನವಾಸಿ ಸೀಮೆಯ ಹೆಮ್ಮೆ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಒಂದೇ ಊರಿನಲ್ಲಿದ್ದವು. 1047ರಲ್ಲಿ ನಿಲ್ಲಿಸಿದ, ಸುಮಾರು ಮೂವತ್ತು ಅಡಿ ಎತ್ತರದ ಭೇರುಂಡೇಶ್ವರ ಕಂಬ ಇಂದಿಗೂ ನಿಂತಿದೆ. ವಚನಕಾರ ಅಲ್ಲಮಪ್ರಭುಗಳ ಊರು ಇದೇ ಎಂಬುದು ಜನರ ನಂಬಿಕೆ. ಅಕ್ಕಮಹಾದೇವಿಯ ಉಡುತಡಿ ಇದೇ ತಾಲ್ಲೂಕಿನಲ್ಲಿದೆ. ಇಲ್ಲಿನ ಶಾಸನಗಳನ್ನು ಕಲ್ಲಿನಿಂದ ಕಾಗದಕ್ಕಿಳಿಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ ಅವರು ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಮಿಷನರಿಯ ಮಗ.

ಗೆಳೆಯ ಮಳೆ ನೋಡುತ್ತಲೇ ಮೇಷ್ಟ್ರಾದ. ಈ ದೇವಾಲಯಕ್ಕೆ ಸೇರಿದಂತೆ ಹಿಂದೆ 'ಕೋಡಿಯ ಮಠ' ಎಂಬ ಕಾಳಾಮುಖ ಶೈವರ ಮಠವಿತ್ತು. 1162ರ ಶಾಸನವೊಂದು ಅದರ ವರ್ಣನೆ ಮಾಡುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ಅಷ್ಟೇ ಅಲ್ಲ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು. ಹಾಡುವವರಿಗೂ, ಕುಣಿಯುವವರಿಗೂ, ಬೇರೆ ಪಂಥಗಳ ಸನ್ಯಾಸಿಗಳಿಗೂ ಇತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು. ಭಯಪಟ್ಟು ಬಂದ ಯಾವ ಜೀವಿಗೂ ಅಭಯವಿತ್ತು.

"ಕೋಡಿ ಅಂದರೆ ಏನು ಗೊತ್ತಾ?" ಎಂದು ಅವನು ಕೇಳಿದ. ಗೊತ್ತಿತ್ತು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿಯಲೆಂದು ಏರಿಯ ಒಂದು ಬದಿಯಲ್ಲಿ ಬಿಟ್ಟ ದಾರಿಯೇ ಕೋಡಿ. ಒಂದು ಕೆರೆಯ ಕೋಡಿ ನೀರು ಹಳ್ಳ ಹಿಡಿದು ಕೆಳಗಿನ ಕೆರೆಯನ್ನು ತುಂಬುತ್ತದೆ, ಅದರ ಕೋಡಿ ಇನ್ನೊಂದನ್ನು. ನಮ್ಮ ನಾಡಿನ ಕೆರೆಗಳು ಹೀಗೆ ಸರಪಳಿಯಾಗಿ ಬದುಕಿದವು. ಅವನು ಮುಂದುವರಿಸಿದ: "ಕೋಡಿ ಇಲ್ಲದ ಕೆರೆ ಹೆಚ್ಚು ನೀರು ಹಿಡಿಯುತ್ತೆ ಅಂದ್ಕೋಬೇಡ. ದೊಡ್ಡ ಮಳೆ ಬಂದ ರಾತ್ರಿ ಅದರ ಏರಿ ಒಡೆಯುತ್ತೆ. ತಾನೂ ಖಾಲಿ, ಕೆಳಗಿನ ಊರೂ ಹಾಳು."

ನನ್ನ ಪ್ರಿಯರೇ, ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಏತಾತೆ' ಪ್ರಕಟಣೆಯಲ್ಲಿ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ನಮಗೆ ಕಲಿಸಿತು. ಆ ಮಂಟಪದಲ್ಲಿ ಅದನ್ನು ನೆನೆದೆ. ಹಸಿದವನಿಗೆ ಅನ್ನ, ರೋಗಿಗೆ ಆರೈಕೆ, ಪರಕೀಯನಿಗೆ ಆಸರೆ. ಕೊನೆಯ ದಿನ ಪ್ರಭು ನಮ್ಮನ್ನು ಕೇಳುವ ಪ್ರಶ್ನೆಗಳೆಂದು ಸಂತ ಮತ್ತಾಯರ ಇಪ್ಪತ್ತೈದನೆಯ ಅಧ್ಯಾಯ ಹೇಳುವುದೂ ಇವನ್ನೇ ಅಲ್ಲವೇ? ಎಂಟುನೂರು ವರ್ಷದ ಹಿಂದೆ ಇದೇ ನೆಲದಲ್ಲಿ ಅವಕ್ಕೆ ಯಾರೋ ಉತ್ತರ ಕೊಟ್ಟಿದ್ದರು. ನಮ್ಮ ಮನೆಯ ಕೋಡಿ ಎಲ್ಲಿದೆ ಎಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕು. ಸಂಪಾದನೆ, ವಿದ್ಯೆ, ಭಕ್ತಿ ಎಲ್ಲವೂ ತುಂಬುತ್ತಿರಬಹುದು. ಹೊರಹರಿಯಲು ದಾರಿ ಬಿಟ್ಟಿದ್ದೇವೆಯೇ?

ಓದಲು ಹೋದವನು

ಮಳೆ ನಿಂತಿತು. ಗಾಳಿ ತಿರುಗಿ, ಅರ್ಧ ಗಂಟೆಯಲ್ಲಿ ರಸ್ತೆ ಒಣಗಿ, ಬಿಸಿಲು ಬೆನ್ನು ಸುಡತೊಡಗಿತು. ತಾಳಗುಂದ ತಲುಪಿದೆವು. ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಕದಂಬರ ಶಾಂತಿವರ್ಮ ಕೆತ್ತಿಸಿದ್ದು, ಬರೆದ ಕವಿ ಕುಬ್ಜ. ಮಯೂರಶರ್ಮನ ಕಥೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ಇದೇ ಕಂಬದ ಆಧಾರದಿಂದ. ಗುರು ವೀರಶರ್ಮನೊಡನೆ ವೇದ ಕಲಿಯಲು ಕಂಚಿಯ ಘಟಿಕೆಗೆ ಹೋದ ಈ ಊರಿನ ಹುಡುಗ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಮುಂದೆ ರಾಜವಂಶವನ್ನೇ ಕಟ್ಟಿದ.

ಆದರೆ ಈ ಕಂಬವನ್ನು ನಿಲ್ಲಿಸಿದ್ದು ಯುದ್ಧದ ನೆನಪಿಗಲ್ಲ. ಮಯೂರಶರ್ಮನ ವಂಶದ ಕಾಕುಸ್ಥವರ್ಮ ದೇವಾಲಯದ ಬಳಿ ಒಂದು ಕೆರೆ ಕಟ್ಟಿಸಿದ. ಅದನ್ನು ದಾಖಲಿಸಲೆಂದೇ ಈ ಶಾಸನ. ರಾಜರ ಕಥೆಯೆಲ್ಲ ಪೀಠಿಕೆ, ಕೆರೆಯೇ ವಿಷಯ. ಇದನ್ನು ಕೇಳಿ ನನಗೆ ಸೋಜಿಗವಾಯಿತು.

ಕಂಬದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಗೆಳೆಯ ತಮಾಷೆಯ ದನಿಯಲ್ಲೇ ಹೇಳಿದ: "ಓದೋಕೆ ಹೋದವನು ರಾಜ ಆದ. ಗುರುವಾಗೋಕೆ ಹೋದವನು ಮೇಷ್ಟ್ರು ಆದ. ನಮ್ಮೂರಿನ ನೀರೇ ಹಾಗೆ ನೋಡು." ನಾನು ನಕ್ಕೆ. ಪತ್ರದ ವಿಷಯ ಎತ್ತಲು ಅದೇ ಸರಿಯಾದ ಸಮಯವಾಗಿತ್ತು. ಮಾತು ತುಟಿಯವರೆಗೆ ಬಂತು. ನಾನು ಗಡಿಯಾರ ನೋಡಿ, "ಹೊರಡೋಣ, ಐದಕ್ಕೆ ಬಸ್ಸು" ಎಂದೆ.

ರಸ್ತೆಯ ಮೇಲಿನ ಜೋಳ

ಶಿರಾಳಕೊಪ್ಪ ದಾಟಿ ಶಿಕಾರಿಪುರದ ಕಡೆಗೆ ಬರುತ್ತಿದ್ದೆವು. ಗಂಟೆ ಮೂರು ದಾಟಿತ್ತು. ಇದ್ದಕ್ಕಿದ್ದಂತೆ ಹಿಂದಿನಿಂದ ತಣ್ಣನೆಯ ಗಾಳಿ ನುಗ್ಗಿತು. ತಿರುಗಿ ನೋಡಿದರೆ ಪಡುವಣದಲ್ಲಿ ಆಕಾಶ ಹಂಡೆಯ ತಳದಂತೆ ಕಪ್ಪಾಗಿತ್ತು. ಎದುರಿಗೆ ಬೆಳಿಗ್ಗೆ ನೋಡಿದ್ದ ಅದೇ ಅರಿಶಿನದ ಸೆರಗು. ಒಬ್ಬ ಹೆಂಗಸು ಹಲಗೆಯಿಂದ ಜೋಳವನ್ನು ಎಳೆದೆಳೆದು ರಾಶಿ ಮಾಡುತ್ತಿದ್ದಳು. ಮುದುಕರೊಬ್ಬರು ತಾಡಪಾಲಿನ ಒಂದು ಮೂಲೆ ಹಿಡಿದು ಗಾಳಿಯೊಡನೆ ಗುದ್ದಾಡುತ್ತಿದ್ದರು. ಏಳೆಂಟು ವರ್ಷದ ಒಬ್ಬ ಹುಡುಗಿ ಎರಡು ಕೈಯಲ್ಲಿ ಬಾಚಿ ಬುಟ್ಟಿಗೆ ತುಂಬುತ್ತಿದ್ದಳು. "ಯಾರಾರ ಬರ್ರಿ" ಎಂದು ಹೆಂಗಸು ಕೂಗಿದ್ದು ನನ್ನ ಕಿವಿಗೆ ಬಿತ್ತು.

ಮುಂದಿದ್ದವನು ನಾನು. ಇನ್ನೂರು ಗಜ ಆಚೆ ಬಸ್ ತಂಗುದಾಣ ಕಾಣುತ್ತಿತ್ತು. ನನ್ನ ಚೀಲದಲ್ಲಿ ಮೊಬೈಲ್, ಪ್ರಾರ್ಥನಾ ಪುಸ್ತಕ. ಐದರ ಬಸ್ಸು. ನಾನು ಜೋಳವನ್ನು ತುಳಿಯದಂತೆ ಎಚ್ಚರಿಕೆಯಿಂದ ರಸ್ತೆಯ ಆಚೆ ಬದಿಗೆ ಸರಿದು, ಮುಂದೆ ಹೋದೆ.

ಹೌದು, ರಸ್ತೆಯ ಆಚೆ ಬದಿಗೆ ಸರಿದು ಹೋದೆ. ಜೆರಿಕೋ ದಾರಿಯಲ್ಲಿ ಬಿದ್ದವನನ್ನು ಕಂಡ ಯಾಜಕ ಏನು ಮಾಡಿದನೆಂದು ಸಂತ ಲೂಕರು ಬರೆದಿದ್ದಾರೋ, ಅದನ್ನೇ ಮಾಡಿದೆ. ವ್ಯತ್ಯಾಸ ಇಷ್ಟೇ: ಆ ಯಾಜಕ ಈ ಕಥೆಯನ್ನು ಓದಿರಲಿಲ್ಲ. ನಾನು ಅದರ ಮೇಲೆ ವರ್ಷ ವರ್ಷವೂ ಪ್ರಬೋಧನೆ ಕೊಟ್ಟವನು.

ತಂಗುದಾಣದಲ್ಲಿ ಸೈಕಲ್ ನಿಲ್ಲಿಸಿ ತಿರುಗಿ ನೋಡಿದೆ. ಗೆಳೆಯ ನನ್ನ ಹಿಂದೆ ಇರಲಿಲ್ಲ. ಅವನ ಸೈಕಲ್ ರಸ್ತೆಯಂಚಿನ ಹುಲ್ಲಿನಲ್ಲಿ ಬಿದ್ದಿತ್ತು, ಚಕ್ರ ಇನ್ನೂ ತಿರುಗುತ್ತಿತ್ತು. ಅವನು ಚಪ್ಪಲಿ ಬಿಟ್ಟು, ಮುದುಕರ ಎದುರಿನ ಮೂಲೆ ಹಿಡಿದು, ತಾಡಪಾಲಿನ ಮೇಲೆ ಕಲ್ಲು ಹೇರುತ್ತಿದ್ದ. ನನ್ನನ್ನು ಕೂಗಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ.

ಮೊದಲ ದಪ್ಪ ಹನಿಗಳು ತಂಗುದಾಣದ ತಗಡಿನ ಮೇಲೆ ಬಿದ್ದವು. ನನಗೆ ನಾಚಿಕೆಯಾಯಿತು. ಚೀಲವನ್ನು ಅಲ್ಲಿಯೇ ಬಿಟ್ಟು ಓಡಿದೆ. ಮುಂದಿನ ಹದಿನೈದು ನಿಮಿಷ ಏನು ಮಾಡಿದೆನೆಂದು ಸರಿಯಾಗಿ ನೆನಪಿಲ್ಲ. ಬಾಚಿದೆ, ಹೊತ್ತೆ, ಗೋಣಿಚೀಲದ ಬಾಯಿ ಹಿಡಿದೆ, ಜಾರಿ ಬಿದ್ದೆ. ದಾರಿಯಲ್ಲಿ ಬಂದ ಮೋಟರ್ ಸೈಕಲಿನ ಇಬ್ಬರು ಹುಡುಗರೂ ಇಳಿದು ಸೇರಿಕೊಂಡರು. ಮುಕ್ಕಾಲು ಪಾಲು ಜೋಳ ಒಣಗಿದ್ದಂತೆಯೇ ಮುಚ್ಚಿಹೋಯಿತು. ಉಳಿದದ್ದು ನೆನೆಯಿತು.

ಮೆಕ್ಕೆಜೋಳ ಬೆಳೆಯುವವರಿಗೆ ಇದರ ಬೆಲೆ ಗೊತ್ತು. ವ್ಯಾಪಾರಿ ಕಾಳಿಗೆ ಯಂತ್ರವಿಟ್ಟು ತೇವಾಂಶ ನೋಡುತ್ತಾನೆ. ಶೇಕಡಾ 14ರ ಆಸುಪಾಸು ಇದ್ದರೆ ಸರಿ, ಹೆಚ್ಚಿದ್ದರೆ ದರ ಇಳಿಯುತ್ತದೆ. ನೆಂದು ಬೂಷ್ಟು ಹಿಡಿದರೆ ಕೇಳುವವರೇ ಇಲ್ಲ. ಎಲ್ಲರಿಗೂ ಒಣಹಾಕಲು ಕಣವಿಲ್ಲ. ಅದಕ್ಕೇ ರಸ್ತೆ. ನಾಲ್ಕು ತಿಂಗಳ ದುಡಿಮೆ ಹದಿನೈದು ನಿಮಿಷದ ಮಳೆಗೆ ಹೀಗೆ ಬಾಯ್ತೆರೆದು ಬಿದ್ದಿರುತ್ತದೆ.

ಯಾವುದಕ್ಕಾಗಿ ಪ್ರಾರ್ಥಿಸಲಿ?

ಎಲ್ಲರೂ ಅವರ ಮನೆಯ ಜಗಲಿಗೆ ಬಂದು ನಿಂತೆವು. ಹೆಂಗಸು ಒಲೆ ಹಚ್ಚಿ ಚಹಾ ಮಾಡಿ, ಮಂಡಕ್ಕಿಗೆ ಖಾರ ಹಚ್ಚಿ ಕೊಟ್ಟಳು. ನಾವು ಯಾರು, ಎಲ್ಲಿಯವರು ಎಂದು ವಿಚಾರಿಸಿದಳು. ಗೆಳೆಯ ನನ್ನ ಕಡೆ ಕೈ ತೋರಿಸಿ, "ಇವರು ಚರ್ಚಿನ ಫಾದರು, ಅಮ್ಮಾ" ಎಂದ. ಆಕೆ ಕೂಡಲೇ ಸೆರಗು ಸರಿಮಾಡಿಕೊಂಡು ಕೈಮುಗಿದಳು. ನಾನು ನೆಲ ನೋಡಿದೆ.

ಏನಾದರೂ ಹೇಳಬೇಕಲ್ಲ. "ಈ ಮಳೆ ನಿಲ್ಲಲಿ ಎಂದು ಪ್ರಾರ್ಥನೆ ಮಾಡುತ್ತೇನಮ್ಮಾ" ಎಂದೆ.

ಆಕೆ ನಕ್ಕುಬಿಟ್ಟಳು. ಮನೆಯ ಹಿಂದಿನ ಗದ್ದೆಯತ್ತ ಕೈ ಮಾಡಿ ಹೇಳಿದಳು: "ಅದೂ ನಂದೇ ಐತ್ರಿ ಸ್ವಾಮಿ. ನೆಲ್ಲು ಹಾಲು ತುಂಬೋ ಹೊತ್ತು. ಎಂಟು ದಿನದಿಂದ ನೀರಿಗೆ ಬಾಯಿ ಬಿಡ್ತಿತ್ತು. ನೆಲ್ಲಿಗೆ ಮಳಿ ಬೇಕು, ಜೋಳಕ್ಕೆ ಬ್ಯಾಡ. ಯಾವುದನ್ನ ಕೇಳ್ತೀರಿ?"

ಗುರುಮಠದಲ್ಲಿ ನಾನು ಸಂತ ತೋಮಾಸ್ ಅಕ್ವಿನಾಸರನ್ನು ಓದಿದ್ದೆ. ದೇವರ ಪರಿಪಾಲನೆ ಎಲ್ಲವನ್ನೂ ತಲುಪುತ್ತದೆ, ಆದರೆ ಎಲ್ಲವನ್ನೂ ಬಿಗಿದು ಕಟ್ಟುವುದಿಲ್ಲ. ಕೆಲವು ಸಂಗತಿಗಳು ಆಗಲೇಬೇಕಾದವು, ಕೆಲವು ಆಗಲೂಬಹುದು ಆಗದಿರಲೂಬಹುದು, ಹೀಗೆ ಎರಡು ಬಗೆಯೂ ಇರಬೇಕೆಂಬುದೇ ದೇವರ ಚಿತ್ತ ಎಂದು ಅವರು ಬೋಧಿಸುತ್ತಾರೆ. ದೇವರು ತಾನೊಬ್ಬನೇ ಎಲ್ಲ ಮಾಡದೆ, ತನ್ನ ಸೃಷ್ಟಿಗಳ ಕೈಯಿಂದಲೂ ಒಳಿತನ್ನು ಮಾಡಿಸುತ್ತಾನೆ ಎನ್ನುತ್ತಾರೆ. ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಪಡೆದಿದ್ದೆ. ಆ ಜಗಲಿಯ ಮೇಲೆ ಒಂದಕ್ಷರವೂ ನಾಲಗೆಗೆ ಬರಲಿಲ್ಲ.

"ನೀವು ಏನು ಕೇಳುತ್ತೀರಮ್ಮಾ?" ಎಂದೆ.

ಆಕೆ ಮಗಳ ಒದ್ದೆ ತಲೆ ಒರೆಸುತ್ತಾ, ವಿಶೇಷವೇನೂ ಹೇಳುತ್ತಿಲ್ಲವೆಂಬಂತೆ ಹೇಳಿದಳು: "ಮಳಿ ಬಾ ಅನ್ನೋದೂ ಬಿಟ್ಟೀನಿ, ಹೋಗು ಅನ್ನೋದೂ ಬಿಟ್ಟೀನಿ. ಬಂದಾಗ ಕೈ ಹಾಕೋರು ನಾಕು ಮಂದಿ ಇರ್ಲಿ ಅಂತ ಕೇಳ್ತೀನಿ."

ಪ್ರಿಯರೇ, ಸಂತ ತೋಮಾಸರು ಬರೆದದ್ದನ್ನು ನಾನು ಅರ್ಥಮಾಡಿಕೊಂಡದ್ದು ಆಗ. ತಂದೆ ದೇವರು ಸಜ್ಜನರ ಮೇಲೂ ದುರ್ಜನರ ಮೇಲೂ ಮಳೆ ಸುರಿಸುತ್ತಾರೆಂದು ಪ್ರಭು ಯೇಸು ಹೇಳಿದರು. ಒಬ್ಬಳೇ ಹೆಂಗಸಿನ ನೆಲ್ಲಿನ ಮೇಲೂ ಜೋಳದ ಮೇಲೂ ಒಂದೇ ಮಳೆ ಸುರಿಯುತ್ತದೆ. ನಮ್ಮ ಮನೆಗಳಲ್ಲಿಯೂ ಹಾಗೆಯೇ. ಮಗನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತೆಂದು ಸಂತೋಷ, ಮುಪ್ಪಿನಲ್ಲಿ ಒಬ್ಬರೇ ಆದೆವೆಂದು ಸಂಕಟ. ಎರಡೂ ಒಂದೇ ಸುದ್ದಿಯಿಂದ. "ದೇವರೇ, ಹೀಗೇ ಆಗಲಿ" ಎಂದು ನಾವು ಚೀಟಿ ಬರೆದು ಕೊಡುತ್ತೇವೆ. ದೇವರು ನಮ್ಮ ಚೀಟಿಯಂತೆ ಮಳೆ ಕಳಿಸದೆ ಇರಬಹುದು. ಆದರೆ ತಾಡಪಾಲಿನ ಇನ್ನೊಂದು ಮೂಲೆ ಹಿಡಿಯಲು ಯಾರನ್ನಾದರೂ ಕಳಿಸುತ್ತಾರೆ. ಕಳಿಸಿದವನು ಆಚೆ ಬದಿಗೆ ಸರಿದು ಹೋದರೆ? ಆಗ ಆ ಹೆಂಗಸಿನ ಪ್ರಾರ್ಥನೆಗೆ ಅಡ್ಡ ನಿಂತವನು ದೇವರಲ್ಲ, ನಾನು.

ಇಪ್ಪತ್ತು ವರ್ಷದ ಮಳೆ

ಐದರ ಬಸ್ಸು ತಪ್ಪಿತು. ಮಳೆ ಹನಿಯುತ್ತಿರುವಾಗಲೇ ಹೊರಟು, ಸೈಕಲ್ ತಳ್ಳಿಕೊಂಡು ನಡೆದೆವು. ಎರಡೂ ಬದಿಯ ಹಳ್ಳದಲ್ಲಿ ಕೆಂಪು ನೀರು ಹರಿಯುತ್ತಿತ್ತು.

ನಾನು ಪತ್ರದ ವಿಷಯ ಹೇಳಿದೆ. ಬಂದದ್ದು, ಓದಿದ್ದು, ಉತ್ತರ ಬರೆಯದೆ ಇದ್ದದ್ದು, ಯಾಕೆ ಬರೆಯಲಿಲ್ಲವೆಂಬುದು. ನೇಗಿಲಿನ ಮಾತನ್ನೂ ಮುಚ್ಚಿಡಲಿಲ್ಲ. ಅವನು ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ ಹೇಳಿದ: "ಮದುವೆ ದಿನ ಸಂಜೆವರೆಗೂ ಕಾದೆ. ಹೆಂಡತಿ ಕೇಳಿದಳು, ನಿಮ್ಮ ಸ್ನೇಹಿತರು ಬರಲಿಲ್ವಾ ಅಂತ. ಆ ಕಡೆ ಜೋರು ಮಳೆಯಂತೆ, ಬಸ್ಸು ಬಿಟ್ಟಿಲ್ಲವಂತೆ ಅಂದೆ. ಇಪ್ಪತ್ತು ವರ್ಷದಿಂದ ನಿನ್ನ ತಪ್ಪನ್ನ ಮಳೆ ಮೇಲೆ ಹಾಕ್ಕೊಂಡು ಬಂದಿದ್ದೀನಿ ಮಾರಾಯ. ಇವತ್ತಿಗೆ ಆ ಮಳೆ ನಿಂತಿತು ಬಿಡು."

ನಾನು ಎಷ್ಟೋ ಜನರ ಪಾಪನಿವೇದನೆ ಕೇಳಿದ್ದೇನೆ. ಕ್ಷಮೆಯನ್ನು ಹೀಗೂ ಕೊಡಬಹುದೆಂದು ತಿಳಿದಿರಲಿಲ್ಲ. ಇನ್ನೊಬ್ಬನ ತಪ್ಪನ್ನು ತನ್ನ ಹೆಂಡತಿಯ ಮುಂದೆಯೂ ಮುಚ್ಚಿ, ಅವನ ಮಾನ ಕಾಪಾಡಿ, ಇಪ್ಪತ್ತು ವರ್ಷ ಬಾಗಿಲು ತೆರೆದಿಡುವುದು. ನನಗೆ ಅನ್ನ ಬಡಿಸಿದ ಆ ತಾಯಿ ಇಂದಿಗೂ ನಾನು ಮಳೆಯಿಂದಲೇ ಬರಲಿಲ್ಲವೆಂದು ನಂಬಿದ್ದರು. ಆ ರಾತ್ರಿ ಅವರಿಗೂ ನಿಜ ಹೇಳಿ ಕ್ಷಮೆ ಕೇಳಿದೆ. ಅವರು ಒಂದು ನಿಮಿಷ ಗಂಡನ ಮುಖ ನೋಡಿ, "ಗೊತ್ತಿತ್ತು ಅಣ್ಣಾ. ಅವತ್ತು ಎಲ್ಲೂ ಮಳೆ ಇರಲಿಲ್ಲ" ಎಂದರು.

ಎಮ್ಮಾವು ದಾರಿಯ ಇಬ್ಬರು ಶಿಷ್ಯರನ್ನು ನೆನೆಯಿರಿ. ಅವರು ಜೆರುಸಲೇಮಿಗೆ ಬೆನ್ನು ಹಾಕಿ ಹೊರಟವರು. ಹಾಗೆಂದು ಪ್ರಭು ಅವರನ್ನು ಬಿಡಲಿಲ್ಲ. ಅವರು ಹೊರಟ ದಿಕ್ಕಿನಲ್ಲೇ ಜೊತೆಗೂಡಿ ನಡೆದರು, ಅವರು ಕರೆದ ಮನೆಯೊಳಗೆ ಹೋದರು. ಗುರುಮಠದ ಬಾಗಿಲು ದಾಟಿ ಹೋದ ನನ್ನ ಗೆಳೆಯ ದೇವರ ದಾರಿ ಬಿಟ್ಟನೆಂದು ನಾನು ತಿಳಿದಿದ್ದೆ. ದೇವರು ಅವನ ಸೈಕಲಿನ ಪಕ್ಕದಲ್ಲೇ ಇದ್ದರು. ಆ ಮಧ್ಯಾಹ್ನ ಮುಂದೆ ಮುಂದೆ ಓಡಿದವನು ನಾನು.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಆ ರಾತ್ರಿ ಅವರ ಮನೆಯಲ್ಲಿ ಗೆಳೆಯ, ಅವನ ಹೆಂಡತಿ, ಮಗ, ನಾನು ಚಾಪೆ ಹಾಸಿ ಕುಳಿತು ಜಪಸರ ಹೇಳಿದೆವು. ಕೊನೆಯಲ್ಲಿ, ಅವರ ಮದುವೆಯಲ್ಲಿ ಹೇಳಬೇಕಾಗಿದ್ದ ಆಶೀರ್ವಾದದ ಪ್ರಾರ್ಥನೆಯನ್ನು ಇಪ್ಪತ್ತು ವರ್ಷ ತಡವಾಗಿ ಹೇಳಿದೆ. ಹೊರಗೆ ಚಿತ್ತೆ ಮಳೆ ಮತ್ತೆ ಹಿಡಿದಿತ್ತು.

ಪ್ರಿಯ ಸಹೋದರ ಸಹೋದರಿಯರೇ, ಇದನ್ನು ಓದುವ ನಿಮ್ಮ ಮನೆಯಲ್ಲಿಯೂ ಉತ್ತರ ಬರೆಯದ ಒಂದು ಪತ್ರ ಇರಬಹುದು. ಹೋಗದೆ ಉಳಿದ ಒಂದು ಮದುವೆ, ಮಾತು ಬಿಟ್ಟ ಒಬ್ಬ ತಮ್ಮ, ಎತ್ತದೆ ಬಿಟ್ಟ ಒಂದು ಫೋನು. ಸರಿಯಾದ ಸಮಯ ಬರಲಿ ಎಂದು ಕಾಯುತ್ತಿದ್ದೀರೇನೋ. ಗಾಳಿ ನೋಡುತ್ತಾ ಕೂತವನು ಬಿತ್ತುವುದಿಲ್ಲ, ಮೋಡ ನೋಡುತ್ತಾ ನಿಂತವನು ಕೊಯ್ಯುವುದಿಲ್ಲವೆಂದು ಉಪದೇಶಕ ಗ್ರಂಥ ನಮ್ಮನ್ನು ಎಚ್ಚರಿಸುತ್ತದೆ. ತಾಳಗುಂದದ ಕಂಬದ ನೆರಳಿನಲ್ಲಿ ನನಗೆ ಸರಿಯಾದ ಸಮಯ ಸಿಕ್ಕಿತ್ತು, ಬಿಸಿಲೂ ಇತ್ತು. ನಾನು ಗಡಿಯಾರ ನೋಡಿದೆ. ಈ ವಾರವೇ ಆ ಮನೆಗೆ ಹೋಗಿಬನ್ನಿ. ಮಳೆ ಬರುತ್ತಿದ್ದರೂ ಹೋಗಿ.

ಪ್ರಾರ್ಥಿಸೋಣ: ಪ್ರಭುವೇ, ಮಳೆ ಬಿಸಿಲು ನಿಮ್ಮ ಕೈಯಲ್ಲಿವೆ. ನಮ್ಮ ಕೈಗಳನ್ನು ಮಾತ್ರ ನಮಗೆ ಕೊಟ್ಟಿದ್ದೀರಿ. ಕೂಗು ಕೇಳಿದಾಗ ಆಚೆ ಬದಿಗೆ ಸರಿಯದಂತೆ ನಮ್ಮನ್ನು ತಡೆಯಿರಿ. ಸರಿದು ಹೋದ ಮೇಲಾದರೂ ಹಿಂದಿರುಗಿ ಓಡಿಬರುವ ಮನಸ್ಸನ್ನು ಕೊಡಿರಿ. ಆಮೆನ್.